ಮಾರ್ಮಗೋವೆಯಿಂದ ಹಿಮಕ್ಕೆ

1981ರ ಡಿಸೆಂಬರ್ 6ರಂದು ಮಾರ್ಮಗೋವಾ ಬಂದರಿನಿಂದ ‘ಪೋಲಾರ್ ಸರ್ಕಲ್’ ಎಂಬ ನಾರ್ವೆಯ ಹಡಗೊಂದು ದಕ್ಷಿಣಕ್ಕೆ ಹೊರಟಿತು. ಅದಿರು ತುಂಬಿಕೊಳ್ಳಲು ಸಾಲುಗಟ್ಟುವ ಭಾರಿ ಹಡಗುಗಳನ್ನು ಕಂಡು ರೂಢಿಯಾದ ಬಂದರಿಗೆ ಅದೊಂದು ಪುಟ್ಟ ನೌಕೆ. ಒಳಗಿದ್ದದ್ದು ಇಪ್ಪತ್ತೊಂದು ಮಂದಿಯ ಭಾರತೀಯ ತಂಡ. ನಾಯಕರು ಡಾ. ಎಸ್. ಝಡ್. ಕಾಸಿಂ. ದೋನಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದವರು. ಯಾನದ ಗುರಿಯನ್ನು ಡಂಗುರ ಸಾರಿ ಹೇಳಿರಲಿಲ್ಲ. 1982ರ ಜನವರಿ 9ರಂದು ತಂಡ ಅಂಟಾರ್ಕ್ಟಿಕಾದ ಹಿಮದ ಮೇಲೆ ಕಾಲಿಟ್ಟಿತು. ಫೆಬ್ರವರಿ 21ರಂದು ಗೋವೆಗೆ ಮರಳಿತು. ಹೋಗಿ ಬರಲು ಹಿಡಿದದ್ದು ಹನ್ನೊಂದು ವಾರ.

ಈ ಬಂದರಿನೊಂದಿಗೆ ಕನ್ನಡಿಗರ ನಂಟು ಬೇರೆ ಬಗೆಯದು. ಪೋರ್ಚುಗೀಸರ ಕಾಲದಲ್ಲಿ ಇಲ್ಲಿಂದ ಘಟ್ಟ ಹತ್ತಿ ಕ್ಯಾಸಲ್‌ರಾಕ್ ಮುಟ್ಟಿದ ರೈಲುದಾರಿ ಲೋಂಡಾದ ಮೂಲಕ ನಮ್ಮ ಬಯಲುಸೀಮೆಗೆ ತಗುಲಿಕೊಂಡಿತು. ಆ ದಾರಿಯಲ್ಲಿ ಹೊಸಪೇಟೆ ಕಡೆಯ ಅದಿರು ಇಳಿಯಿತು, ಅದರ ಹಿಂದೆಯೇ ಗದಗ, ಬಾಗಲಕೋಟೆ, ವಿಜಯಪುರ, ಕೊಪ್ಪಳದ ಜನ ಇಳಿದರು. ಬೈನಾ, ಸಡಾ, ಜುವಾರಿನಗರಗಳಲ್ಲಿ ನೆಲೆಸಿದ ಈ ಜನರ ಪಾಲಿಗೆ ಮಾರ್ಮಗೋವೆಯೆಂದರೆ ಕೂಲಿ, ಧೂಳು, ಪಾಳಿ. ಭಾರತವು ಧ್ರುವಪ್ರದೇಶಕ್ಕೆ ಹೆಜ್ಜೆ ಹಾಕಿದ್ದು ಇದೇ ಕಟ್ಟೆಯಿಂದ ಎಂಬುದು ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಶಾಲೆಯ ಪುಸ್ತಕದಲ್ಲಿ ಅದು ಒಂದು ಅಂಕದ ಪ್ರಶ್ನೆ.

ಆ ಪುಟ್ಟ ಹಡಗು ದೇಶಕ್ಕೆ ಗಳಿಸಿಕೊಟ್ಟದ್ದೇನು? 1959ರ ಅಂಟಾರ್ಕ್ಟಿಕ ಒಪ್ಪಂದದ ಪ್ರಕಾರ, ಅಲ್ಲಿ ಗಣನೀಯ ಸಂಶೋಧನೆ ನಡೆಸುವ ರಾಷ್ಟ್ರಕ್ಕೆ ಮಾತ್ರ ನಿರ್ಧಾರ ಕೈಗೊಳ್ಳುವ ಸಭೆಯಲ್ಲಿ ಮತ. ಎರಡು ಯಾನಗಳ ಬಲದ ಮೇಲೆ ಭಾರತ 1983ರ ಆಗಸ್ಟಿನಲ್ಲಿ ಒಪ್ಪಂದಕ್ಕೆ ಸೇರಿತು. ಮರುತಿಂಗಳಲ್ಲೇ ಸಲಹಾ ರಾಷ್ಟ್ರದ ಸ್ಥಾನ ಪಡೆಯಿತು. ಇಂದು ಆ ಸ್ಥಾನವಿರುವುದು ಇಪ್ಪತ್ತೊಂಬತ್ತು ದೇಶಗಳಿಗೆ. ಅಲ್ಲಿ ತೀರ್ಮಾನಗಳಾಗುವುದು ಬಹುಮತದಿಂದಲ್ಲ, ಸರ್ವಸಮ್ಮತಿಯಿಂದ. ಆದ್ದರಿಂದ ಪ್ರತಿಯೊಂದು ದೇಶದ ಮಾತಿಗೂ ತೂಕವಿದೆ. ಈ ತೂಕವನ್ನು ಯಾವುದಕ್ಕೆ ಬಳಸಬೇಕು ಎಂಬ ಪ್ರಶ್ನೆ ಈಗ ಎದ್ದಿದೆ. ಅದಕ್ಕೆ ಕಾರಣ ಇನ್ನೊಂದು ಬಗೆಯ ಸಣ್ಣ ಹಡಗುಗಳು.

ಲಾರ್ಸ್ ಎರಿಕ್ ಲಿಂಡ್‌ಬ್ಲಾಡ್ ಎಂಬ ಸ್ವೀಡನ್ ಮೂಲದ ಪ್ರವಾಸೋದ್ಯಮಿ 1966ರಲ್ಲಿ ಅರ್ಜೆಂಟೀನಾದ ಹಡಗೊಂದನ್ನು ಬಾಡಿಗೆಗೆ ಹಿಡಿದು, ಐವತ್ತು ಚಿಲ್ಲರೆ ಜನರನ್ನು ಅಂಟಾರ್ಕ್ಟಿಕಾಕ್ಕೆ ಕರೆದೊಯ್ದ. ಮೂರು ವರ್ಷಗಳಲ್ಲಿ ಅವನದೇ ‘ಲಿಂಡ್‌ಬ್ಲಾಡ್ ಎಕ್ಸ್‌ಪ್ಲೋರರ್’ ಫಿನ್‌ಲೆಂಡಿನಲ್ಲಿ ಸಿದ್ಧವಾಯಿತು. ಕೆಂಪು ಬಣ್ಣದ ಸಣ್ಣ ಹಡಗು. ನೂರರ ಆಸುಪಾಸು ಪ್ರಯಾಣಿಕರು. ಜೊತೆಗೆ ಪಕ್ಷಿತಜ್ಞ, ಭೂವಿಜ್ಞಾನಿ, ಇತಿಹಾಸಕಾರರ ಉಪನ್ಯಾಸ. ಕಂಡವರು ಕಾಯುವವರೂ ಆಗುತ್ತಾರೆ ಎಂಬುದು ಲಿಂಡ್‌ಬ್ಲಾಡನ ನಂಬಿಕೆ. ಇಂದಿಗೂ ಈ ವ್ಯಾಪಾರ ನಿಂತಿರುವುದು ಅದೇ ಮಾತಿನ ಮೇಲೆ. ಇದಕ್ಕೆ ಅವರು ಇಟ್ಟುಕೊಂಡ ಹೆಸರು ‘ಅನ್ವೇಷಣಾ ಯಾನ’. ಬೆಳಿಗ್ಗೆ ಬಿಸಿನೀರ ಸ್ನಾನ ಮುಗಿಸಿ, ಉಪಾಹಾರದ ಮೇಜಿನಿಂದೆದ್ದು ಪೆಂಗ್ವಿನ್ ನೋಡಲು ಹೊರಡುವವರು ಅನ್ವೇಷಿಸುವುದು ಏನನ್ನು ಎಂದು ಕೇಳಿದರೆ ಕುಹಕವಾದೀತು. ಆದರೂ ಪದಕ್ಕೆ ಒಂದು ಮರ್ಯಾದೆ ಇರಬೇಕಷ್ಟೆ.

1990ರ ದಶಕದ ಆರಂಭದಲ್ಲಿ ಅಲ್ಲಿಗೆ ಹೋಗುತ್ತಿದ್ದ ಪ್ರವಾಸಿಗರು ವರ್ಷಕ್ಕೆ ಹತ್ತು ಸಾವಿರದೊಳಗೆ. 2023-24ರ ಒಂದೇ ಬೇಸಿಗೆಯಲ್ಲಿ ಹೋದವರು 1.2 ಲಕ್ಷಕ್ಕೂ ಹೆಚ್ಚು. ಬಹುಪಾಲು ಜನ ಅರ್ಜೆಂಟೀನಾದ ಉಷುವಾಯಾ ಬಂದರಿನಿಂದ ಹೊರಟು, ಎರಡು ದಿನ ಡ್ರೇಕ್ ಜಲಸಂಧಿಯ ಹೊಯ್ದಾಟ ಸಹಿಸಿ, ದಕ್ಷಿಣ ಅಮೆರಿಕದ ಕಡೆಗೆ ಬಾಲದಂತೆ ಚಾಚಿಕೊಂಡ ಪರ್ಯಾಯದ್ವೀಪವನ್ನು ನೋಡಿ ಬರುತ್ತಾರೆ. ನಮ್ಮ ಶಿಬಿರಗಳಿರುವುದು ಖಂಡದ ಬೇರೆ ಮಗ್ಗುಲಲ್ಲಿ. ‘ಮೈತ್ರಿ’ ಇರುವುದು ಆಫ್ರಿಕದ ಎದುರಿಗೆ, ಕರಾವಳಿಯಿಂದ ಸುಮಾರು ನೂರು ಕಿಲೋಮೀಟರ್ ಒಳಗೆ. ‘ಭಾರತಿ’ಯಾದರೋ ನಮಗೆ ನೇರ. ಹಾಸನದಿಂದ ನೆಟ್ಟಗೆ ದಕ್ಷಿಣಕ್ಕೆ ಒಂದು ಗೆರೆ ಎಳೆದರೆ, ಒಂಬತ್ತು ಸಾವಿರ ಕಿಲೋಮೀಟರ್ ದಾಟಿ ಆ ಗೆರೆ ಹೋಗಿ ಮುಟ್ಟುವುದು ಹೆಚ್ಚುಕಡಮೆ ಭಾರತಿ ಇರುವ ಲಾರ್ಸ್‌ಮನ್ ಬೆಟ್ಟಗಳನ್ನೇ.

ಪ್ರವಾಸಿ ಹಡಗಿನ ಗಾತ್ರಕ್ಕೆ ಇಷ್ಟು ಮಹತ್ವವೇಕೆ ಎಂಬುದು ಅದರ ಲೆಕ್ಕ ತಿಳಿದರೆ ಸ್ಪಷ್ಟವಾಗುತ್ತದೆ. ಪ್ರವಾಸ ಸಂಸ್ಥೆಗಳು 1991ರಲ್ಲಿ ತಮ್ಮದೇ ಒಂದು ಅಂತರರಾಷ್ಟ್ರೀಯ ಸಂಘ ಕಟ್ಟಿಕೊಂಡು ಕೆಲವು ಕಟ್ಟುಪಾಡುಗಳನ್ನು ಹಾಕಿಕೊಂಡವು. ಒಂದು ಜಾಗದಲ್ಲಿ ಒಂದು ಹೊತ್ತಿಗೆ ನೂರಕ್ಕಿಂತ ಹೆಚ್ಚು ಪ್ರಯಾಣಿಕರು ನೆಲಕ್ಕಿಳಿಯುವಂತಿಲ್ಲ. ಐನೂರಕ್ಕಿಂತ ಹೆಚ್ಚು ಜನರನ್ನು ಹೊತ್ತ ಹಡಗು ಯಾರನ್ನೂ ಇಳಿಸುವಂತಿಲ್ಲ. ದೂರದಿಂದ ನೋಡಿ ಹೋಗಬೇಕು. ಹೀಗಾಗಿ ನೂರು ಜನರ ಹಡಗಿನಲ್ಲಿ ಹೋದವನು ಎಲ್ಲರೊಡನೆ ಇಳಿಯುತ್ತಾನೆ. ನಾನೂರು ಜನರ ಹಡಗಿನಲ್ಲಿ ಹೋದವನು ನಾಲ್ಕರಲ್ಲಿ ಒಂದು ಪಾಳಿಗೆ ಕಾಯುತ್ತಾನೆ. ಸಣ್ಣ ಹಡಗಿನ ಚೀಟಿ ದುಬಾರಿಯಾಗುವುದಕ್ಕೆ ಇದೂ ಒಂದು ಕಾರಣ: ಮಾರುವುದು ಹಾಸಿಗೆಯನ್ನಲ್ಲ, ನೆಲದ ಮೇಲಿನ ಗಳಿಗೆಯನ್ನು. ಹತ್ತು ಹನ್ನೆರಡು ದಿನಗಳ ಯಾನಕ್ಕೆ ಒಬ್ಬರಿಗೆ ಹತ್ತು ಲಕ್ಷ ರೂಪಾಯಿ ಆಗುವುದು ಈಗ ಅಚ್ಚರಿಯ ಮಾತಲ್ಲ. ಭಾರತದಿಂದ ಹೋಗುವವರೂ ಇದ್ದಾರೆ.

ಇಳಿಯುವ ವಿಧಾನವೂ ಕೇಳುವಂಥದು. ಹಡಗು ದೂರದಲ್ಲಿ ನಿಲ್ಲುತ್ತದೆ. ಗಾಳಿ ತುಂಬಿದ ರಬ್ಬರ್ ದೋಣಿಗಳಲ್ಲಿ ಹತ್ತು ಹತ್ತು ಜನರಂತೆ ದಡಕ್ಕೆ ಸಾಗಿಸುತ್ತಾರೆ. ಅದಕ್ಕೂ ಮೊದಲು ಬೂಟಿನ ಅಡಿಯನ್ನು ಬ್ರಷ್‌ನಿಂದ ಉಜ್ಜಿ, ಔಷಧದ ನೀರಿನಲ್ಲಿ ಅದ್ದಿ, ಜೇಬು ಚೀಲಗಳ ಮೂಲೆಯಲ್ಲಿ ಬೀಜ ಮಣ್ಣು ಉಳಿದಿದೆಯೇ ಎಂದು ಹುಡುಕುತ್ತಾರೆ. ಹಕ್ಕಿಯಿಂದ ಐದು ಮೀಟರ್ ದೂರ ನಿಲ್ಲಬೇಕು. ಹಕ್ಕಿಯೇ ದಾಟುತ್ತಿದ್ದರೆ ದಾರಿ ಬಿಡಬೇಕು. ತಿಂಡಿ ಒಯ್ಯುವಂತಿಲ್ಲ, ಒಂದು ಕಲ್ಲನ್ನೂ ತರುವಂತಿಲ್ಲ. 2023ರ ಕೊನೆಗೆ ಹಕ್ಕಿಜ್ವರ ದಕ್ಷಿಣ ಜಾರ್ಜಿಯಾ ದ್ವೀಪವನ್ನೂ 2024ರ ಆರಂಭದಲ್ಲಿ ಅಂಟಾರ್ಕ್ಟಿಕ ಭೂಭಾಗವನ್ನೂ ಮುಟ್ಟಿದ ಮೇಲೆ, ನೆಲದ ಮೇಲೆ ಕುಳಿತುಕೊಳ್ಳುವಂತೆಯೂ ಇಲ್ಲ. ನಮ್ಮ ಹಿರಿಯರು ಪಾಲಿಸುತ್ತಿದ್ದ ಮಡಿಗೆ ಅರ್ಥವಿತ್ತೋ ಇಲ್ಲವೋ, ಈ ಮಡಿಗಂತೂ ಇದೆ. ಆದರೆ ಅಪರಾಧವೆಲ್ಲ ಪ್ರವಾಸಿಯದೇ ಎನ್ನುವುದೂ ನ್ಯಾಯವಲ್ಲ. ಕಿಂಗ್ ಜಾರ್ಜ್ ದ್ವೀಪದಲ್ಲಿ ಯುರೋಪಿನ ಒಂದು ಸಾಮಾನ್ಯ ಹುಲ್ಲು ಬೇರುಬಿಟ್ಟದ್ದು ಸಂಶೋಧನಾ ಶಿಬಿರದ ಅಂಗಳದಲ್ಲಿ. ನಮ್ಮ ಮೊದಲ ಶಿಬಿರ ‘ದಕ್ಷಿಣ ಗಂಗೋತ್ರಿ’ ಕೆಲವೇ ವರ್ಷಗಳಲ್ಲಿ ಹಿಮದಡಿ ಹೂತುಹೋಗತೊಡಗಿತು. ಅದನ್ನು ಬಿಟ್ಟು ಬಂಡೆನೆಲದ ಮೇಲೆ ‘ಮೈತ್ರಿ’ ಕಟ್ಟಬೇಕಾಯಿತು. ವಿಜ್ಞಾನದ ಹೆಸರಿನಲ್ಲಿ ಹೋದ ಕಾಲೂ ಗುರುತು ಬಿಡುತ್ತದೆ.

ಹಾಗಾದರೆ ಇಷ್ಟೆಲ್ಲ ಕಟ್ಟುಪಾಡು ಇರುವಾಗ ಚಿಂತೆ ಏತರದು? ಚಿಂತೆ ಇರುವುದು ಕಟ್ಟುಪಾಡು ಯಾರದು ಎಂಬಲ್ಲಿ. ನೂರರ ಮಿತಿ, ಐನೂರರ ಮಿತಿ ಎರಡೂ ಮೂಲತಃ ವ್ಯಾಪಾರಿಗಳು ತಮಗೆ ತಾವೇ ಹಾಕಿಕೊಂಡದ್ದು. ಒಪ್ಪಂದದ ಸಭೆ 2009ರಲ್ಲಿ ಅವನ್ನು ಅಂಗೀಕರಿಸಿದ್ದು ನಿಜ. ಆದರೆ ಅದು ಕಟ್ಟುನಿಟ್ಟಿನ ಕಾನೂನಾಗಬೇಕಾದರೆ ಅಂದಿನ ಎಲ್ಲ ಸಲಹಾ ರಾಷ್ಟ್ರಗಳೂ ವಿಧಿವತ್ತಾಗಿ ಒಪ್ಪಿಗೆ ನೀಡಬೇಕು. ಹದಿನೈದು ವರ್ಷ ಕಳೆದರೂ ಆ ಎಣಿಕೆ ಪೂರ್ತಿಯಾಗಲಿಲ್ಲ. ಅಷ್ಟರಲ್ಲಿ ಪ್ರವಾಸಿಗರ ಸಂಖ್ಯೆ ಎಲ್ಲಿಂದ ಎಲ್ಲಿಗೋ ಏರಿತು. ಇನ್ನೊಂದು ತೊಡಕೂ ಇದೆ. ಈ ಮಿತಿಗಳು ಒಂದು ಹಡಗಿಗೆ, ಒಂದು ಜಾಗಕ್ಕೆ ಮಾತ್ರ. ಒಟ್ಟು ಎಷ್ಟು ಹಡಗು ಹೋಗಬಹುದು ಎಂಬುದಕ್ಕೆ ಮಿತಿಯೇ ಇಲ್ಲ. ಪ್ರತಿ ಹಡಗೂ ನಿಯಮ ಪಾಲಿಸುತ್ತಲೇ ಸಾಲುಸಾಲಾಗಿ ಬಂದರೆ ಅದೇ ದಂಡೆಯ ಮೇಲೆ ಬೆಳಿಗ್ಗೆ ನೂರು, ಮಧ್ಯಾಹ್ನ ನೂರು, ಸಂಜೆ ನೂರು. ಮೊಟ್ಟೆಯ ಮೇಲೆ ಕಾವು ಕೂತ ಹಕ್ಕಿಗೆ ಹಡಗು ಸಣ್ಣದೋ ದೊಡ್ಡದೋ ಎಂಬುದರಿಂದ ಆಗುವುದೇನು?

ಈ ಪ್ರಶ್ನೆಯ ಚರ್ಚೆ ನಮ್ಮ ನೆರೆಯಲ್ಲೇ ನಡೆಯಿತು. 2024ರ ಮೇ ತಿಂಗಳಲ್ಲಿ ಒಪ್ಪಂದದ ನಲವತ್ತಾರನೆಯ ಸಭೆ ಕೊಚ್ಚಿಯಲ್ಲಿ ಸೇರಿತ್ತು. ಅದರ ಏರ್ಪಾಟಿನ ಹೊಣೆ ಹೊತ್ತದ್ದು ವಾಸ್ಕೋದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. ಅಲ್ಲಿ ಪ್ರವಾಸೋದ್ಯಮಕ್ಕೊಂದು ಸಮಗ್ರ ಚೌಕಟ್ಟು ರೂಪಿಸುವ ಮಾತುಕತೆಗೆ ಚಾಲನೆ ಸಿಕ್ಕಿತು. ನಮ್ಮದೇ ಅಂಟಾರ್ಕ್ಟಿಕ ಕಾಯಿದೆ 2022ರಲ್ಲಿ ಬಂದಿದೆ. ಭಾರತದಿಂದ ಹೊರಡುವ ಯಾನಕ್ಕೆ ಪರವಾನಗಿ ಬೇಕು ಎನ್ನುತ್ತದೆ ಅದು. ಆದರೆ ಬೇರೆ ಸದಸ್ಯ ರಾಷ್ಟ್ರದ ಪರವಾನಗಿಯಲ್ಲಿ ಹೊರಟ ಹಡಗಿನಲ್ಲಿ ಪ್ರಯಾಣಿಕನಾಗಿ ಹೋಗುವ ಭಾರತೀಯನನ್ನು ಅದು ತಡೆಯುವುದಿಲ್ಲ. ಅಲ್ಲಿಗೆ ಹೋಗುವ ನಮ್ಮವರು ಏರುವುದು ಅಂಥ ಹಡಗನ್ನೇ. ಆದ್ದರಿಂದ ನಮ್ಮ ಕಾಯಿದೆಯಿಂದ ಆಗದ ಕೆಲಸ ಒಪ್ಪಂದದ ಸಭೆಯಲ್ಲಿ ಆಗಬೇಕು. 2009ರ ಮಿತಿಗಳು ಜಾರಿಗೆ ಬರುವಂತೆ ಒತ್ತಾಯಿಸುವುದು, ಅದರ ಮೇಲೆ ಒಂದೊಂದು ದಂಡೆಗೂ ಋತುವಿಗೆ ಇಷ್ಟೇ ಇಳಿತಗಳು ಎಂಬ ಮಿತಿ ಕೇಳುವುದು—ಈ ಎರಡನ್ನು ಭಾರತ ಗಟ್ಟಿಯಾಗಿ ಹೇಳಬೇಕು ಎಂಬುದು ಈ ಅಂಕಣದ ನಿಲುವು. ಸರ್ವಸಮ್ಮತಿ ಬೇಕಾದ ಸಭೆಯಲ್ಲಿ ಇದು ಸುಲಭವಲ್ಲ. ಆದರೆ ಅಂಥದೊಂದು ಮಿತಿ ಅಸಾಧ್ಯವಲ್ಲ ಎಂಬುದಕ್ಕೆ ಉತ್ತರ ಧ್ರುವದ ಕಡೆ ಸಾಕ್ಷಿ ಇದೆ.

ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿ 2025ರ ಜನವರಿ 1ರಿಂದ ಹೊಸ ನಿಯಮಗಳು ಬಂದಿವೆ. ಸಂರಕ್ಷಿತ ಪ್ರದೇಶದೊಳಗೆ ಇನ್ನೂರಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗಿಗೆ ಪ್ರವೇಶವಿಲ್ಲ. ಇಳಿಯಲು ಗೊತ್ತುಮಾಡಿದ ನಲವತ್ಮೂರು ಜಾಗಗಳು ಮಾತ್ರ. ಹಿಮಕರಡಿಯಿಂದ ಮುನ್ನೂರು ಮೀಟರ್, ಮಾರ್ಚಿಯಿಂದ ಜೂನ್‌ವರೆಗೆ ಐನೂರು ಮೀಟರ್ ದೂರ. ಪ್ರವಾಸ ಸಂಸ್ಥೆಗಳು ಗೊಣಗಿದವು, ನಿಯಮ ನಿಂತಿತು. ಅಲ್ಲಿ ಒಡೆಯನೊಬ್ಬನಿದ್ದಾನೆ, ಅಂಟಾರ್ಕ್ಟಿಕಾಕ್ಕೆ ಒಡೆಯನಿಲ್ಲ ಎಂಬ ವ್ಯತ್ಯಾಸವನ್ನು ಮರೆಯುವಂತಿಲ್ಲ, ನಿಜ. ಈ ಸ್ವಾಲ್‌ಬಾರ್ಡಿನೊಡನೆ ನಮಗೆ ನೂರು ವರ್ಷ ದಾಟಿದ ಸಂಬಂಧ. ಬ್ರಿಟಿಷ್ ಸಾಮ್ರಾಜ್ಯದ ಭಾಗವಾಗಿದ್ದ ಭಾರತದ ಪರವಾಗಿಯೂ 1920ರ ಒಪ್ಪಂದಕ್ಕೆ ಸಹಿ ಬಿದ್ದಿತ್ತು. 2008ರಿಂದ ನೀ-ಓಲೆಸುಂಡ್ ಎಂಬ ಹಳ್ಳಿಯಲ್ಲಿ ನಮ್ಮ ‘ಹಿಮಾದ್ರಿ’ ಇದೆ. ಅದು ಉತ್ತರ ಧ್ರುವಬಿಂದುವಿನಿಂದ ಸುಮಾರು 1,200 ಕಿಲೋಮೀಟರ್ ದೂರ. ಅಲ್ಲಿ ವೈ-ಫೈ, ಬ್ಲೂಟೂತ್ ಹಚ್ಚುವಂತಿಲ್ಲ. ಸೂಕ್ಷ್ಮ ಉಪಕರಣಗಳಿಗೆ ಅಡ್ಡಿ. ದಡಕ್ಕಿಳಿಯುವ ಪ್ರವಾಸಿಗರೂ ಫೋನ್ ಸುಮ್ಮನಾಗಿಸಬೇಕು. 2023ರ ಡಿಸೆಂಬರಿನಲ್ಲಿ ಭಾರತದ ಮೊದಲ ಚಳಿಗಾಲದ ತಂಡ ಅಲ್ಲಿಗೆ ಹೋದಾಗ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಪಾಲುಗೊಂಡಿತ್ತು. ವಿಶ್ವದ ಬಾಲ್ಯಕಾಲದಿಂದ ಬರುವ ಕ್ಷೀಣ ರೇಡಿಯೊ ಸಂಕೇತವನ್ನು ಆಲಿಸಲು ಆ ಕತ್ತಲಿನ ನಿಶ್ಶಬ್ದ ಎಷ್ಟು ಅನುಕೂಲ ಎಂದು ಅಳೆಯುವುದು ಅವರ ಕೆಲಸ.

ಸುರಕ್ಷತೆಯ ವಿಷಯದಲ್ಲಿ ಸಣ್ಣ ಹಡಗಿನ ಬಗ್ಗೆ ಭ್ರಮೆ ಬೇಡ. ಲಿಂಡ್‌ಬ್ಲಾಡನ ಅದೇ ಕೆಂಪು ಹಡಗು, ಒಡೆಯರು ಬದಲಾಗಿ ಬರೀ ‘ಎಕ್ಸ್‌ಪ್ಲೋರರ್’ ಎಂದಾಗಿದ್ದದ್ದು, 2007ರ ನವೆಂಬರ್ 23ರಂದು ಹಿಮಕ್ಕೆ ತಾಗಿ ಮುಳುಗಿತು. 154 ಜನ ಗಂಟೆಗಟ್ಟಲೆ ತೆರೆದ ದೋಣಿಗಳಲ್ಲಿ ನಡುಗಿದರು. ಹತ್ತಿರದಲ್ಲೇ ಇನ್ನೊಂದು ಪ್ರವಾಸಿ ಹಡಗು ಇದ್ದುದರಿಂದ ಎಲ್ಲರೂ ಬದುಕಿದರು. ಆ ಹಡಗು ಇಲ್ಲದಿದ್ದರೆ? ಇದಾದ ಮೇಲೆ ಬಂದ ನಿಯಮಗಳಲ್ಲಿ ಮುಖ್ಯವಾದವು ಎರಡು: 2011ರಿಂದ ಅಂಟಾರ್ಕ್ಟಿಕ ಸಮುದ್ರದಲ್ಲಿ ಕರಿ ಜಿಗುಟಾದ ಭಾರದ ಇಂಧನತೈಲ ನಿಷೇಧ, 2017ರಿಂದ ಧ್ರುವಸಂಚಾರದ ಹಡಗುಗಳಿಗೆ ಕಡ್ಡಾಯ ಸಂಹಿತೆ. ಅದಕ್ಕೂ ಮುಂಚೆ, 1990ರ ಜನವರಿಯಲ್ಲಿ, ನಮ್ಮ ಒಂಬತ್ತನೆಯ ಯಾನದ ನಾಲ್ವರು ಗುಡಾರದೊಳಗೆ ಇಂಗಾಲದ ಮೊನಾಕ್ಸೈಡ್ ತುಂಬಿ ತೀರಿಕೊಂಡಿದ್ದರು. ಕೈಗೆಟಕುವ ಸಹಾಯ ಅಲ್ಲಿ ಇಲ್ಲ.

ಗೋವೆಯಲ್ಲೇ ಹುಟ್ಟಿದ ಇನ್ನೂ ಸಣ್ಣ ನೌಕೆಗಳು ಆ ದಕ್ಷಿಣದ ಕಡಲನ್ನು ಕಂಡಿವೆ. ದಿವಾಡಿ ದ್ವೀಪದ ಕಾರ್ಖಾನೆಯಲ್ಲಿ ಕಟ್ಟಿದ ನೌಕಾಪಡೆಯ ಹಾಯಿದೋಣಿ ‘ಮಾದೇಯಿ’ ಐವತ್ತಾರು ಅಡಿ ಉದ್ದದ್ದು. ಅದರಲ್ಲಿ ಅಭಿಲಾಷ್ ಟಾಮಿ 2012-13ರಲ್ಲಿ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿ ಬಂದರು. ನಾವು ಮಹದಾಯಿ ಎನ್ನುವ, ಖಾನಾಪುರದ ಕಾಡಿನಲ್ಲಿ ಹುಟ್ಟುವ ಹೊಳೆಯದೇ ಹೆಸರು ಅದಕ್ಕೆ. ನೀರಿಗಾಗಿ ಮೂರು ರಾಜ್ಯಗಳು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದ ಹೊಳೆಯ ಹೆಸರು ತಕರಾರಿಲ್ಲದೆ ಕೇಪ್ ಹಾರ್ನ್ ಭೂಶಿರ ದಾಟಿತು. ಅದರ ತಂಗಿ ‘ತಾರಿಣಿ’ಯಲ್ಲಿ 2017ರಲ್ಲಿ ಆರು ಮಹಿಳಾ ಅಧಿಕಾರಿಗಳು, 2024ರ ಅಕ್ಟೋಬರ್ 2ರಂದು ಇಬ್ಬರೇ—ದಿಲ್ನಾ ಮತ್ತು ರೂಪಾ—ಗೋವೆಯಿಂದ ಹೊರಟು ಡ್ರೇಕ್ ಜಲಸಂಧಿ ಹಾಯ್ದು ಮರಳಿದರು. ಪ್ರವಾಸಿಗರು ವಾಂತಿಯ ಮಾತ್ರೆ ನುಂಗಿ ದಾಟುವ ನೀರು ಅದು.

ಪ್ರವಾಸಿ ಹಡಗಿನ ಕಥೆಯಲ್ಲಿ ಗೋವೆಯ ಪಾತ್ರ ಇನ್ನೂ ಒಂದಿದೆ. ಅದು ಜಾಹೀರಾತಿನ ಚಿತ್ರಗಳಲ್ಲಿ ಕಾಣುವುದಿಲ್ಲ. ಕೊಂಕಣಿಯಲ್ಲಿ ತಾರ್ವೊಟಿ ಎಂದರೆ ಹಡಗಿನ ಮೇಲೆ ದುಡಿಯುವವನು. ತಲೆಮಾರುಗಳಿಂದ ಸಾಷ್ಟಿ, ಬಾರ್ದೇಸಿನ ಮನೆಗಳು ಇವರ ಸಂಪಾದನೆಯಿಂದ ಎದ್ದಿವೆ. ಜಗತ್ತಿನ ಪ್ರವಾಸಿ ಹಡಗುಗಳ ಅಡುಗೆಮನೆ, ಊಟದ ಮನೆ, ಕೋಣೆ ಸಾಲುಗಳಲ್ಲಿ ಗೋವೆಯವರು ತುಂಬ ಮಂದಿ. ಹಿಮ ನೋಡಲು ಹೊರಟವನ ಹಾಸಿಗೆ ಹಾಸಿ, ತಟ್ಟೆ ತೊಳೆಯುವವನಿಗೆ ಆ ನೂರರ ಪಾಳಿಯಲ್ಲಿ ಹೆಸರಿರುವುದಿಲ್ಲ.

ವಾಸ್ಕೋದ ಸಡಾ ಗುಡ್ಡದ ಮೇಲೆ ಧ್ರುವ ಸಂಶೋಧನಾ ಕೇಂದ್ರವಿದೆ. 1998ರಲ್ಲಿ ಆರಂಭವಾದದ್ದು, ಈಗಿನ ಹೆಸರು ಬಂದದ್ದು 2018ರಲ್ಲಿ. ಅಲ್ಲಿ ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯ ಕೋಣೆಗಳಿವೆ. ಹೊರಗೆ ಮೇ ತಿಂಗಳ ಬೆವರು ಸುರಿಯುತ್ತಿರುವಾಗ ಒಳಗೆ ದಪ್ಪ ಅಂಗಿ ತೊಟ್ಟ ವಿಜ್ಞಾನಿಗಳು ಹಿಮದ ಉದ್ದುದ್ದ ಕಂಬಗಳನ್ನು ಕೊಯ್ದು ನೋಡುತ್ತಾರೆ. ಪದರ ಪದರವಾಗಿ ಬಿದ್ದ ಹಿಮದಲ್ಲಿ ಹಿಂದಿನ ಕಾಲದ ಗಾಳಿ, ಧೂಳು, ಸೆಕೆಯ ಲೆಕ್ಕ ಸಿಕ್ಕಿಕೊಂಡಿರುತ್ತದೆ. ಧ್ರುವದ ಹಿಮಕ್ಕೂ ನಮ್ಮ ಮುಂಗಾರಿಗೂ ಇರುವ ಸಂಬಂಧ ಈ ಕೇಂದ್ರದ ಮುಖ್ಯ ವಿಚಾರಣೆಗಳಲ್ಲಿ ಒಂದು. ಅದೇ ಗುಡ್ಡದ ಇಳಿಜಾರಿನಲ್ಲಿ ಕನ್ನಡ ಮಾತಾಡುವ ಮನೆಗಳಿವೆ. ಅವುಗಳಲ್ಲಿ ಹಲವರ ಅಜ್ಜಂದಿರು ಊರು ಬಿಟ್ಟದ್ದು ಮಳೆ ಕೈಕೊಟ್ಟ ವರ್ಷಗಳಲ್ಲಿ. ಮಳೆ ಯಾಕೆ ಕೈಕೊಡುತ್ತದೆ ಎಂಬ ಪ್ರಶ್ನೆಯನ್ನು ನೂರು ಗಜ ಮೇಲೆ ಹಿಮದ ತುಂಡಿನಲ್ಲಿ ಹುಡುಕುತ್ತಿದ್ದಾರೆ. ಹಿಮ ಅಲ್ಲಿ ಕೆಡದೆ ಉಳಿಯಬೇಕು ಎನ್ನುವುದು ಕೇವಲ ಪೆಂಗ್ವಿನ್ ಮೇಲಿನ ಮಮತೆಯಿಂದ ಹುಟ್ಟಿದ ಮಾತಲ್ಲ.

ಇಷ್ಟಾದರೂ ಭಾರತ ಇಂದಿಗೂ ಧ್ರುವಕ್ಕೆ ಹೋಗುವುದು ಬಾಡಿಗೆಯ ಹಡಗಿನಲ್ಲಿ. 1981ರಲ್ಲಿ ನಾರ್ವೆಯದು, ಈಚಿನ ವರ್ಷಗಳಲ್ಲಿ ರಷ್ಯದ್ದು. ತಂಡಗಳು ಸಾಮಾನ್ಯವಾಗಿ ದಕ್ಷಿಣ ಆಫ್ರಿಕದ ಕೇಪ್‌ಟೌನ್ ಮೂಲಕ ಹೋಗುವುದರಿಂದ ಮಾರ್ಮಗೋವೆಗೆ ಆ ಬೀಳ್ಕೊಡುಗೆಯ ಗದ್ದಲವೂ ತಪ್ಪಿತು. ಕೋವಿಡ್ ಕಾಲದಲ್ಲಿ ಮಾತ್ರ, 2021ರ ಜನವರಿ 5ರಂದು, ನಲವತ್ತನೆಯ ಯಾನ ‘ವಾಸಿಲಿ ಗೊಲೊವ್ನಿನ್’ ಎಂಬ ಹಡಗಿನಲ್ಲಿ ಇಲ್ಲಿಂದಲೇ ಹೊರಟಿತ್ತು. ನಮ್ಮದೇ ಧ್ರುವ ಸಂಶೋಧನಾ ಹಡಗಿಗೆ ಕೇಂದ್ರ ಸಂಪುಟ 2014ರಲ್ಲಿ ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ ಮಂಜೂರು ಮಾಡಿತ್ತು. ಹಡಗು ಬರಲಿಲ್ಲ. 2025ರ ಜೂನಿನಲ್ಲಿ ಕೋಲ್ಕತಾದ ಗಾರ್ಡನ್ ರೀಚ್ ಕಾರ್ಖಾನೆ ನಾರ್ವೆಯ ಕಾಂಗ್ಸ್‌ಬರ್ಗ್ ಸಂಸ್ಥೆಯೊಡನೆ ಅಂಥ ಹಡಗು ಕಟ್ಟುವ ಒಡಂಬಡಿಕೆಗೆ ಸಹಿ ಹಾಕಿತು. ವಿಹಾರಕ್ಕೆ ಹೋಗುವವರಿಗಾಗಿ ಜಗತ್ತಿನ ಕಾರ್ಖಾನೆಗಳು ಹೊಸ ಹೊಸ ಹಿಮನೌಕೆಗಳನ್ನು ಕಟ್ಟಿ ಇಳಿಸುತ್ತಿರುವಾಗ, ನಲವತ್ತು ಯಾನ ದಾಟಿದ ದೇಶಕ್ಕೆ ಒಂದು ಸ್ವಂತ ಹಡಗಿಲ್ಲ. ಸಭೆಯಲ್ಲಿ ಮಿತಿಯ ಮಾತಾಡುವವನು ಅಲ್ಲಿಗೆ ತನ್ನ ಹಡಗಿನಲ್ಲಿ ಹೋಗಿ ಬಂದವನಾಗಿದ್ದರೆ ಮಾತಿಗೆ ಬಲ ಬರುತ್ತಿತ್ತು.

ಚೀಟಿ ಕೊಳ್ಳಲು ಹತ್ತು ಲಕ್ಷವಿಲ್ಲದ ಓದುಗರಿಗೆ ಒಂದು ಉಪಯುಕ್ತ ಸಂಗತಿ. ದಕ್ಷಿಣ ಗಂಗೋತ್ರಿಯಲ್ಲಿ 1984ರಲ್ಲಿ ತೆರೆದ ಅಂಚೆಕಚೇರಿ ಗೋವಾ ಅಂಚೆ ವಿಭಾಗದ್ದು. ಆಮೇಲೆ ಅದು ಮೈತ್ರಿಯಲ್ಲಿ ಮುಂದುವರಿಯಿತು. 2024ರ ಏಪ್ರಿಲ್‌ನಲ್ಲಿ ಭಾರತಿಯಲ್ಲೂ ಒಂದು ತೆರೆಯಿತು, ಎಂಎಚ್-1718 ಎಂಬ ಪಿನ್ ಸಂಕೇತದೊಡನೆ. ಅಂಚೆಚೀಟಿ ಸಂಗ್ರಹಿಸುವವರು ಕಳಿಸುವ ಲಕೋಟೆಗಳು ಸಡಾ ಗುಡ್ಡದ ಕೇಂದ್ರಕ್ಕೆ ಬರುತ್ತವೆ. ಅಲ್ಲಿಂದ ತಂಡದೊಡನೆ ಹಿಮಕ್ಕೆ ಹೋಗಿ, ಮುದ್ರೆ ಒತ್ತಿಸಿಕೊಂಡು, ಹಡಗಿನಲ್ಲಿ ಮರಳಿ, ಮತ್ತೆ ವಾಸ್ಕೋದಿಂದ ಅವರವರ ಊರಿಗೆ ಹೋಗುತ್ತವೆ. ಒಂದು ವರ್ಷ ಹಿಡಿದರೆ ಅಚ್ಚರಿಪಡಬೇಡಿ.